ಸೂಜಿ, ಸೆಲ್ಲು, ಪಾದರಸ: ಮನೆಯ ಅಪಾಯಕಾರಿ ಕಸವನ್ನು ಯಾರಿಗೂ ಪೆಟ್ಟಾಗದಂತೆ ಸಾಗಿಸುವುದು ಹೇಗೆ

ಬೆಂಗಳೂರಿನ ನಮ್ಮ ಬೀದಿಗೆ ಬೆಳಿಗ್ಗೆ ಏಳಕ್ಕೆ ಕಸದ ಆಟೋ ಬರುತ್ತದೆ. ಮೂರು ವರ್ಷದ ಹಿಂದೆ ಒಂದು ದಿನ, ನಾನು ಕೊಟ್ಟ ಒಣ ಕಸದ ಚೀಲಕ್ಕೆ ಕೈ ಹಾಕಿ ಬೇರೆ ಮಾಡುತ್ತಿದ್ದ ಅಕ್ಕ ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಹೆಬ್ಬೆರಳ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಅದು ಅಪ್ಪನ ಇನ್ಸುಲಿನ್ ಸೂಜಿ. ನಾನೇ ಅದನ್ನು ಖಾಲಿ ಹಾಲಿನ ಕವರಿನಲ್ಲಿ ಹಾಕಿ, ಗಂಟು ಕಟ್ಟಿ, ಆಯ್ತು ಅಂದುಕೊಂಡಿದ್ದೆ. ಸೂಜಿ ಕವರನ್ನೂ ತೂರಿ, ಚೀಲವನ್ನೂ ತೂರಿ, ಅವರ ತೆಳು ಗ್ಲೌಸನ್ನೂ ತೂರಿ ಒಳಗೆ ಇಳಿದಿತ್ತು. ಅವರು ಸೆರಗಿನಲ್ಲಿ ಒರೆಸಿಕೊಂಡು, "ಪರವಾಗಿಲ್ಲ ಬಿಡಮ್ಮ, ದಿನಾ ಇರೋದೇ" ಅಂದರು.

ಪರವಾಗಿಲ್ಲ ಅನ್ನುವ ವಿಷಯವೇ ಅಲ್ಲ ಅದು. ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ತೊಳೆಸಿ, ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಆಯ್ತು, ಹೆಪಟೈಟಿಸ್ ಬಿ ಲಸಿಕೆ ಶುರುವಾಯ್ತು. ಏನೂ ಆಗಲಿಲ್ಲ. ಆದರೆ ಕೊನೆಯ ಪರೀಕ್ಷೆಯ ರಿಪೋರ್ಟ್ ಬರುವವರೆಗೆ ಅವರೂ ನಾನೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆ ದಿನದಿಂದ ಯಾವ ಕಸ ಬಿಸಾಡುವಾಗಲೂ ನಾನು ಕೇಳಿಕೊಳ್ಳುವುದು ಇಷ್ಟೇ: ನನ್ನ ಕೈ ಬಿಟ್ಟ ಮೇಲೆ ಇದು ಯಾರ ಕೈಗೆ ಹೋಗುತ್ತದೆ? ಕೆಳಗೆ ಬರೆದಿರುವುದೆಲ್ಲ ಈ ಪ್ರಶ್ನೆಗೆ ನಾನು ಕಲಿತುಕೊಂಡ ಉತ್ತರ.

ಮನೆಯನ್ನು ಒಂದು ಸುತ್ತು ನೋಡಿ

ಒಂದು ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ತೆಗೆದಿಟ್ಟುಕೊಳ್ಳಿ. ಬಚ್ಚಲು, ಫ್ರಿಜ್ಜಿನ ಬಾಗಿಲು, ದೇವರ ಮನೆಯ ಕೆಳಗಿನ ಕಪಾಟು, ಟಿವಿ ಕೆಳಗಿನ ಡ್ರಾಯರ್, ಸಜ್ಜೆ, ಸ್ಕೂಟರ್ ನಿಲ್ಲಿಸುವ ಜಾಗ, ಎಲ್ಲವನ್ನೂ ತೆರೆದು ನೋಡಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ಕಸ ಅಂತ ಒಂದು ಪಟ್ಟಿಯನ್ನೇ ಕೊಟ್ಟಿದ್ದವು: ಪೇಂಟ್ ಡಬ್ಬ, ಕೀಟನಾಶಕದ ಡಬ್ಬ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಒಡೆದ ಪಾದರಸದ ಥರ್ಮಾಮೀಟರು, ಹಳೆಯ ಸೆಲ್ಲು ಮತ್ತು ಬ್ಯಾಟರಿ, ಬಳಸಿದ ಸೂಜಿ, ಸಿರಿಂಜು. ಇದಕ್ಕೆ ನಾನು ಇನ್ನೂ ಕೆಲವು ಸೇರಿಸುತ್ತೇನೆ. ಟಾಯ್ಲೆಟ್ ಆಸಿಡ್, ಇಲಿ ಪಾಷಾಣ, ಥಿನ್ನರ್, ಸೊಳ್ಳೆ ಸ್ಪ್ರೇ, ಗಾಡಿಯ ಹಳೆಯ ಆಯಿಲ್, ಉಬ್ಬಿದ ಪವರ್ ಬ್ಯಾಂಕ್.

ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ಸುರಿಯಬೇಡಿ. ನೆಲದ ಮೇಲೆ ಬೇರೆ ಬೇರೆ ಗುಂಪು ಮಾಡಿ. ಮಕ್ಕಳು, ನಾಯಿ, ಬೆಕ್ಕು ಆ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ.

ಡಬ್ಬ ಮಾಡಿಕೊಳ್ಳುವುದು

ಗಟ್ಟಿ ಪ್ಲಾಸ್ಟಿಕ್‌ನ, ಬಿಗಿಯಾದ ಮುಚ್ಚಳವಿರುವ ಒಂದು ದೊಡ್ಡ ಡಬ್ಬ ಬೇಕು. ಹಳೆಯ ಪೇಂಟ್ ಬಕೆಟ್ ತೊಳೆದು ಒಣಗಿಸಿದರೂ ನಡೆಯುತ್ತದೆ. ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ: "ಅಪಾಯ. ಕೈ ಹಾಕಬೇಡಿ." ಪಕ್ಕದಲ್ಲಿ ಶುರು ಮಾಡಿದ ತಾರೀಕು. ಕೈಗೆಟುಕದ ಎತ್ತರದಲ್ಲಿ, ಒಲೆಯಿಂದ ದೂರ, ಗಾಳಿ ಆಡುವ ಕಡೆ ಇಡಿ. ಸೆಲ್ಲು, ಮಾತ್ರೆ, ಸೂಜಿಯ ಬಾಟಲಿಗಳು ಇದರೊಳಗೆ ಬೇರೆ ಬೇರೆ ಪೊಟ್ಟಣವಾಗಿ ಇರಲಿ. ಆಸಿಡ್, ಥಿನ್ನರ್, ಕೀಟನಾಶಕದಂಥ ದ್ರವಗಳು ಈ ಡಬ್ಬಕ್ಕೆ ಬೇಡ. ಅವು ತಮ್ಮ ತಮ್ಮ ಬಾಟಲಿಯಲ್ಲೇ ನೆಟ್ಟಗೆ ನಿಂತಿರಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಯಾವ ರಾಸಾಯನಿಕವನ್ನೂ ನೀರಿನ ಬಾಟಲಿಗೋ ಕೂಲ್‌ಡ್ರಿಂಕ್ಸ್ ಬಾಟಲಿಗೋ ಬಗ್ಗಿಸಿ ಇಡಬೇಡಿ. ಸೀಮೆಎಣ್ಣೆ, ಥಿನ್ನರ್, ಫಿನಾಯಿಲ್, ಆಸಿಡ್, ಯಾವುದೂ ಬೇಡ. ಬಾಯಾರಿದ ಮಗು ಲೇಬಲ್ ಓದುವುದಿಲ್ಲ, ಬಾಟಲಿಯ ಆಕಾರ ನೋಡುತ್ತದೆ. ಅಕಸ್ಮಾತ್ ಯಾರಾದರೂ ಕುಡಿದರೆ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ, ಆ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಫ್ರಿಜ್ಜಿನ ಮೇಲೆ ಬರೆದು ಅಂಟಿಸಿಡಿ.

ಸೂಜಿ ಮತ್ತು ಬ್ಲೇಡು

ಮನೆಯಲ್ಲಿ ಶುಗರ್ ಇರುವವರು ಒಬ್ಬರಿದ್ದರೂ ತಿಂಗಳಿಗೆ ಹತ್ತಾರು ಸೂಜಿ, ಬೆರಳು ಚುಚ್ಚಿ ರಕ್ತ ತೆಗೆಯುವ ಲ್ಯಾನ್ಸೆಟ್ ಸೇರುತ್ತವೆ. ಅವನ್ನು ಹೀಗೆ ನೋಡಿಕೊಳ್ಳಿ.

1. ಬಟ್ಟೆ ತೊಳೆಯುವ ಲಿಕ್ವಿಡ್ ಬರುವ ದಪ್ಪ ಬಾಟಲಿ ಖಾಲಿಯಾದಾಗ ಎತ್ತಿಟ್ಟುಕೊಳ್ಳಿ. ನೀರಿನ ಬಾಟಲಿ ಸಾಲದು, ತೆಳು ಪ್ಲಾಸ್ಟಿಕ್ ಅದು. ಗಾಜೂ ಬೇಡ.

2. ಬಾಟಲಿಯನ್ನು ಇಂಜೆಕ್ಷನ್ ತೆಗೆದುಕೊಳ್ಳುವ ಜಾಗದಲ್ಲೇ ಇಡಿ. ಚುಚ್ಚಿದ ತಕ್ಷಣ ಸೂಜಿ ನೇರ ಬಾಟಲಿಗೆ ಬೀಳಬೇಕು. "ಆಮೇಲೆ ಹಾಕೋಣ" ಅಂತ ಟೇಬಲ್ ಮೇಲೆ ಇಟ್ಟ ಸೂಜಿಯೇ ಹಾಸಿಗೆ ಸೇರುವುದು.

3. ಸಿರಿಂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ. ಚುಚ್ಚಿಕೊಳ್ಳುವುದು ಆಗಲೇ ಜಾಸ್ತಿ. ಸೂಜಿಯನ್ನು ಬಗ್ಗಿಸುವುದು, ಮುರಿಯುವುದೂ ಬೇಡ. ಇನ್ಸುಲಿನ್ ಪೆನ್ನಿನ ಸೂಜಿಯಾದರೆ ಅದರ ಹೊರಗಿನ ದೊಡ್ಡ ಮುಚ್ಚಳದಿಂದ ತಿರುಗಿಸಿ ಬಿಚ್ಚಿ, ಮುಚ್ಚಳದ ಸಮೇತ ಬಾಟಲಿಗೆ ಹಾಕಿ.

4. ಬಾಟಲಿ ಮುಕ್ಕಾಲು ತುಂಬಿದಾಗ ನಿಲ್ಲಿಸಿ. ಮುಚ್ಚಳ ಬಿಗಿದು, ಸುತ್ತ ಎರಡು ಸುತ್ತು ಟೇಪ್ ಹಾಕಿ. "ಸೂಜಿ ಇದೆ, ತೆರೆಯಬೇಡಿ" ಅಂತ ಬರೆಯಿರಿ.

5. ಇದನ್ನು ಕಸದ ಆಟೋಗೆ ಕೊಡುವುದಕ್ಕಿಂತ ನೀವು ತೋರಿಸುವ ಆಸ್ಪತ್ರೆಗೋ ರಕ್ತ ಪರೀಕ್ಷೆಯ ಲ್ಯಾಬಿಗೋ ಕೊಡುವುದು ಒಳ್ಳೆಯದು. ಅಲ್ಲಿ ಹೇಗೂ ಚೂಪಾದ ವಸ್ತುಗಳಿಗೆ ಬಿಳಿ ಡಬ್ಬ ಇರುತ್ತದೆ. ಅದು ಆಸ್ಪತ್ರೆ ಕಸದ ಸಂಸ್ಕರಣಾ ಘಟಕಕ್ಕೆ ಹೋಗುತ್ತದೆ. ಮೊದಲ ಸಲ ಕೇಳಿದಾಗ ಕೌಂಟರಿನಲ್ಲಿ ಇಲ್ಲ ಅನ್ನಬಹುದು. ನನಗೂ ಅಂದಿದ್ದರು. ನರ್ಸ್ ಹತ್ತಿರ ಹೋಗಿ ಬಾಟಲಿ ತೋರಿಸಿ ಕೇಳಿದೆ, ತೆಗೆದುಕೊಂಡರು.

ಯಾರಿಗಾದರೂ ಚುಚ್ಚಿದರೆ ಗಾಯವನ್ನು ಹಿಂಡಬೇಡಿ. ಸೋಪು, ಹರಿಯುವ ನೀರು, ಆಮೇಲೆ ನೇರ ಆಸ್ಪತ್ರೆ. ಎಚ್‌ಐವಿ ತಡೆಯುವ ಔಷಧಿ ಬೇಕು ಅಂತ ವೈದ್ಯರಿಗೆ ಅನ್ನಿಸಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ಶೇವಿಂಗ್ ಬ್ಲೇಡಿಗೂ ಇದೇ ಬಾಟಲಿ. ಒಡೆದ ಗಾಜಿನ ಲೋಟವನ್ನು ನಾಲ್ಕು ಮಡಿಕೆ ಪೇಪರಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, "ಗಾಜು" ಅಂತ ಬರೆದು, ಕೈಗೆ ಕೊಡುವಾಗ ಬಾಯಲ್ಲೂ ಹೇಳಿ.

ಪಾದರಸ ನೆಲಕ್ಕೆ ಬಿದ್ದರೆ

ಹಳೆಯ ಗಾಜಿನ ಥರ್ಮಾಮೀಟರ್ ಒಡೆದಾಗ ಪಾದರಸ ನೆಲದ ಮೇಲೆ ಬೆಳ್ಳಿ ಮಣಿಗಳ ಹಾಗೆ ಓಡಾಡುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ಅಂಗೈಯಲ್ಲಿ ಉರುಳಿಸಿ ಆಡಿದ್ದೇವೆ. ಯಾರೂ ಬೇಡ ಅನ್ನಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಪಾದರಸ ಕೋಣೆಯ ಬಿಸಿಗೇ ನಿಧಾನವಾಗಿ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ ಮೆದುಳಿಗೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕೊಡೈಕೆನಾಲ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದು ಪಾದರಸದ ಕಸವನ್ನು ಎಲ್ಲೆಂದರಲ್ಲಿ ಬಿಟ್ಟದ್ದು ಹೊರಬಿದ್ದ ಮೇಲೆಯೇ.

ಮೊದಲು ಫ್ಯಾನ್, ಎಸಿ ಆರಿಸಿ. ಕಿಟಕಿ ತೆರೆಯಿರಿ, ಒಳಗಿನ ಕೋಣೆಯ ಬಾಗಿಲು ಮುಚ್ಚಿ. ಎಲ್ಲರನ್ನೂ ಹೊರಗೆ ಕಳಿಸಿ. ಯಾರೂ ತುಳಿದುಕೊಂಡು ಓಡಾಡದಿರಲಿ.

ಆಮೇಲೆ ಕೈಯಲ್ಲಿರುವ ಉಂಗುರ, ಬಳೆ, ಕತ್ತಿನ ಸರ ತೆಗೆದಿಡಿ. ಪಾದರಸ ಬಂಗಾರಕ್ಕೆ ತಾಕಿದರೆ ಅದರೊಳಗೇ ಬೆರೆತುಬಿಡುತ್ತದೆ, ಒಡವೆ ಬೆಳ್ಳಗಾಗಿ ಹಾಳಾಗುತ್ತದೆ. ನಂತರ ಗ್ಲೌಸ್ ಹಾಕಿಕೊಳ್ಳಿ.

ಪೊರಕೆ ಬೇಡವೇ ಬೇಡ. ಗುಡಿಸಿದರೆ ಒಂದು ಮಣಿ ನೂರಾಗಿ ಸಂದಿ ಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಆವಿಯನ್ನು ಮನೆ ತುಂಬ ಊದುತ್ತದೆ. ಗಾಜಿನ ಚೂರನ್ನು ಮೊದಲು ಹುಷಾರಾಗಿ ಆರಿಸಿ ಪೇಪರಿಗೆ ಹಾಕಿ. ಎರಡು ಗಟ್ಟಿ ಕಾರ್ಡು ತೆಗೆದುಕೊಳ್ಳಿ, ಹಳೆಯ ಮದುವೆ ಪತ್ರಿಕೆ ಚೆನ್ನಾಗಿ ಆಗುತ್ತದೆ. ನಿಧಾನವಾಗಿ ಮಣಿಗಳನ್ನು ಒಂದರ ಹತ್ತಿರ ಒಂದು ತಳ್ಳಿ. ಅವು ತಾವೇ ಸೇರಿ ದೊಡ್ಡದಾಗುತ್ತವೆ. ಸೇರಿದ್ದನ್ನು ಕಾರ್ಡಿನ ಮೇಲೆ ಉರುಳಿಸಿ, ಬಿಗಿ ಮುಚ್ಚಳದ ಚಿಕ್ಕ ಬಾಟಲಿಗೆ ಇಳಿಸಿ.

ಈಗ ಲೈಟ್ ಆರಿಸಿ, ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಲಾಗಿ ಬೆಳಕು ಬಿಡಿ. ಕಣ್ಣಿಗೆ ಕಾಣದಿದ್ದ ಸಣ್ಣ ಮಣಿಗಳು ಮಂಚದ ಕಾಲಿನ ಹತ್ತಿರ, ಟೈಲ್ಸ್ ಸಂದಿಯಲ್ಲಿ ಮಿಣಮಿಣ ಅನ್ನುತ್ತವೆ. ಅವನ್ನು ಅಗಲ ಟೇಪಿಗೆ ಅಂಟಿಸಿ ಎತ್ತಿ. ಗ್ರಂದಿಗೆ ಅಂಗಡಿಯಲ್ಲಿ ಗಂಧಕದ ಪುಡಿ ಸಿಗುತ್ತದೆ. ಸಂದಿಗೆ ಉದುರಿಸಿದರೆ ಉಳಿದ ಪಾದರಸವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಒದ್ದೆ ಪೇಪರಿನಲ್ಲಿ ಒರೆಸಿ ತೆಗೆಯಿರಿ.

ಬಾಟಲಿ, ಟೇಪು, ಕಾರ್ಡು, ಗ್ಲೌಸು, ಪೇಪರು ಎಲ್ಲ ಒಂದೇ ಕವರಿಗೆ, ಅದಕ್ಕೊಂದು ಗಂಟು, ಅದು ಡಬ್ಬಕ್ಕೆ. ಯಾವುದನ್ನೂ ಸಿಂಕಿನಲ್ಲಿ ತೊಳೆಯಬೇಡಿ. ಪಾದರಸ ತಾಕಿದ ಬಟ್ಟೆ ವಾಷಿಂಗ್ ಮೆಷಿನ್‌ಗೆ ಬೇಡ. ಆ ಕೋಣೆಯ ಕಿಟಕಿ ಒಂದು ದಿನ ಪೂರ್ತಿ ತೆರೆದಿರಲಿ.

ಮಗು ಬಾಯಲ್ಲಿಟ್ಟ ಥರ್ಮಾಮೀಟರ್ ಕಚ್ಚಿ ಮುರಿದರೆ ಗಾಬರಿ ಬೀಳಬೇಡಿ. ನುಂಗಿದ ಲೋಹದ ಪಾದರಸ ಹೊಟ್ಟೆಯಲ್ಲಿ ಹೆಚ್ಚಾಗಿ ಹೀರಿಕೆಯಾಗುವುದಿಲ್ಲ. ಬಾಯಿಯಲ್ಲಿ ಗಾಜಿನ ಚೂರಿದೆಯಾ ಅಂತ ಮೊದಲು ನೋಡಿ, ವೈದ್ಯರಿಗೆ ತೋರಿಸಿ. ಮನೆಯಲ್ಲಿ ಹಳೆಯ ಪಾದರಸದ ಬಿಪಿ ಯಂತ್ರವಿದ್ದರೆ ಮಾತ್ರ ತುಂಬಾ ಎಚ್ಚರ. ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ. ಬಿಪಿ ಯಂತ್ರದಲ್ಲಿ ಅದರ ಹತ್ತಾರು ಪಟ್ಟು. ಅದು ಒಡೆದು ಚೆಲ್ಲಿದರೆ ನೀವು ಕೈ ಹಾಕಬೇಡಿ. ಕೋಣೆ ಮುಚ್ಚಿ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ತಿಳಿಸಿ. ಒಡೆಯುವ ಮೊದಲೇ ಅದನ್ನು ಮನೆಯಿಂದ ಸಾಗಿಸಿದರೆ ಇನ್ನೂ ಒಳ್ಳೆಯದು.

ಸಿಎಫ್‌ಎಲ್ ಬಲ್ಬಿನಲ್ಲಿ ಇರುವುದು ಕೆಲವು ಮಿಲಿಗ್ರಾಂ ಅಷ್ಟೇ. ಒಡೆದರೆ ಕಿಟಕಿ ತೆರೆದು, ಹತ್ತು ನಿಮಿಷ ಹೊರಗಿದ್ದು, ಆಮೇಲೆ ಕಾರ್ಡು ಮತ್ತು ಟೇಪಿನಿಂದ ಎತ್ತಿ. ಕೆಟ್ಟ ಟ್ಯೂಬ್‌ಲೈಟನ್ನು ಒಡೆಯಬೇಡಿ. ಹೊಸದು ತಂದಾಗ ಬಂದ ರಟ್ಟಿನ ಕವಚ ಎತ್ತಿಟ್ಟಿದ್ದರೆ ಹಳೆಯದನ್ನು ಅದರೊಳಗೇ ತೂರಿಸಿ ಕೊಡಬಹುದು.

ಸೆಲ್ಲು, ಬ್ಯಾಟರಿ, ಪವರ್ ಬ್ಯಾಂಕ್

ಎಲ್ಲ ಬ್ಯಾಟರಿ ಒಂದೇ ಅಲ್ಲ. ಗೋಡೆ ಗಡಿಯಾರದ ಸೆಲ್ಲು ಸೋರಿದರೆ ಕೈ ಉರಿಯುತ್ತದೆ, ಅಷ್ಟೆ. ಮೊಬೈಲು, ಪವರ್ ಬ್ಯಾಂಕ್, ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿ ಹಾಗಲ್ಲ. ಜಜ್ಜಿದರೆ, ತೂತಾದರೆ ಹೊತ್ತಿಕೊಳ್ಳುತ್ತದೆ. ಕಸದ ಲಾರಿಯಲ್ಲಿ ಕಸವನ್ನು ಒತ್ತಿ ತುಂಬುತ್ತಾರೆ, ಅಲ್ವಾ? ಅಲ್ಲಿ ಅದು ಜಜ್ಜಿದರೆ ಸುತ್ತ ಇರುವುದು ಬರೀ ಪೇಪರು, ಪ್ಲಾಸ್ಟಿಕ್ಕು.

ಪ್ರತಿ ಬ್ಯಾಟರಿಯ ಎರಡೂ ತುದಿಗೆ ಟೇಪ್ ಅಂಟಿಸಿ. ಒಂದಕ್ಕೊಂದು ತಾಗಿ ಶಾರ್ಟ್ ಆಗಬಾರದು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿ ಒಂದೇ ಕಡೆ ಇರುತ್ತವೆ. ಅದರ ಪಕ್ಕ ಪಾತ್ರೆ ಉಜ್ಜುವ ಸ್ಟೀಲ್ ನಾರು ಬಿದ್ದರೆ ಕಿಡಿ ಹಾರುತ್ತದೆ. ವಾಚಿನಲ್ಲಿರುವಂಥ ಗುಂಡಿ ಸೆಲ್ಲುಗಳಿಗೆ ಟೇಪ್ ಹಾಕಿ ಕೂಡಲೇ ಡಬ್ಬಕ್ಕೆ ಸೇರಿಸಿ. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೆ ಸುಡಬಹುದು. "ಮಲದಲ್ಲಿ ಬರುತ್ತೆ" ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಉಬ್ಬಿದ ಬ್ಯಾಟರಿ ಇದ್ದರೆ ಚಾರ್ಜಿಂಗ್ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ. ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ, ಅದರಲ್ಲಿ ಹೂತು, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ಬಿಸಿಲು ಮಳೆ ತಾಗದ ಕಡೆ ಇಡಿ. ಅದೇ ವಾರ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಬ್ರ್ಯಾಂಡಿನ ಸರ್ವಿಸ್ ಸೆಂಟರಿಗೋ ಮುಟ್ಟಿಸಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಹಾಗಾಗಿ ಅಂಗಡಿಯಲ್ಲಿ ಸಂಕೋಚ ಪಡದೆ ಕೇಳಿ.

ಯುಪಿಎಸ್, ಕಾರಿನ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಡೀಲರ್‌ಗೇ ಕೊಡಿ, ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ. ಗುಜರಿಯವರು ನೂರಿನ್ನೂರು ಜಾಸ್ತಿ ಕೊಟ್ಟರೂ ಬೇಡ. ಆಸಿಡ್ಡನ್ನು ಚರಂಡಿಗೆ ಸುರಿದು, ಸೀಸವನ್ನು ಬಯಲಲ್ಲಿ ಕರಗಿಸುವ ಜಾಗಗಳಿವೆ. ಆ ಹೊಗೆ ಕುಡಿಯುವುದು ಪಕ್ಕದ ಗುಡಿಸಲಿನ ಮಕ್ಕಳು. ಸೀಸಕ್ಕೆ ಇಷ್ಟರವರೆಗೆ ಅಡ್ಡಿಯಿಲ್ಲ ಅನ್ನುವ ಮಿತಿಯೇ ಇಲ್ಲ. ಮಕ್ಕಳ ಬುದ್ಧಿಯ ಬೆಳವಣಿಗೆಗೇ ಅದು ಪೆಟ್ಟು ಕೊಡುತ್ತದೆ.

ಔಷಧಿ

ತಾರೀಕು ಮುಗಿದ ಮಾತ್ರೆಯನ್ನು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವುದು ಸುಲಭ ಅನ್ನಿಸುತ್ತದೆ. ಆದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಆ ಘಟಕಗಳನ್ನು ಕಟ್ಟಿದ್ದು ಮಲಮೂತ್ರದ ಕೊಳೆ ತೆಗೆಯಲು. ಕರಗಿದ ಆಂಟಿಬಯಾಟಿಕ್ ತೆಗೆಯಲು ಅಲ್ಲ. ಔಷಧಿ ತಪ್ಪು ದೇಹ ಸೇರಿದರೆ ಏನಾಗುತ್ತದೆ ಅಂತ ರಣಹದ್ದುಗಳು ನಮಗೆ ತೋರಿಸಿವೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಅವುಗಳ ಹೊಟ್ಟೆ ಸೇರಿ, ದೇಶದ ತುಂಬ ರಣಹದ್ದುಗಳು ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವೇ ಹಕ್ಕಿಗಳಿಗಾಗಿ 2012ರಲ್ಲಿ ಧಾಮ ಮಾಡಬೇಕಾಯಿತು.

ಮೊದಲು ಮೆಡಿಕಲ್ ಶಾಪ್ ಅಥವಾ ಆಸ್ಪತ್ರೆಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿ. ಇಲ್ಲವಾದರೆ ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಬಳಸಿದ ಕಾಫಿ ಚರಟವೋ ಮಣ್ಣೋ ಸೇರಿಸಿ, ಜಿಪ್ ಕವರಿನಲ್ಲಿ ಮುಚ್ಚಿ, ಅಪಾಯಕಾರಿ ಕಸದ ಜೊತೆ ಕೊಡಿ. ಬಿಡಿಸುವುದು ಯಾಕೆಂದರೆ, ತುಂಬಿದ ಸ್ಟ್ರಿಪ್ ಕಸದಲ್ಲಿ ಸಿಕ್ಕರೆ ಯಾರಾದರೂ ನುಂಗಬಹುದು. ಕ್ಯಾನ್ಸರ್ ಮಾತ್ರೆಗಳನ್ನು ಮಾತ್ರ ಬಿಡಿಸಬೇಡಿ, ಮುಟ್ಟಲೂಬೇಡಿ. ಸ್ಟ್ರಿಪ್ ಸಮೇತ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಕೊಡಿ. ಸಿರಪ್ಪನ್ನು ಬಾಟಲಿಯಲ್ಲೇ ಬಿಟ್ಟು ಮುಚ್ಚಳ ಬಿಗಿಯಿರಿ. ಇನ್ಹೇಲರ್ ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ.

ಟಾಯ್ಲೆಟ್ಟಿಗೆ ಹಾಕಬಾರದು ಅನ್ನುವುದಕ್ಕೆ ಒಂದು ವಿನಾಯಿತಿ ಇದೆ. ಟ್ರಾಮಡಾಲ್, ಫೆಂಟನಿಲ್‌ನಂಥ ಬಲವಾದ ನೋವಿನ ಔಷಧಿ ಬೇರೆಯವರ ಕೈಗೆ ಸಿಕ್ಕರೆ ಒಂದೇ ಡೋಸಿಗೆ ಜೀವ ಹೋಗಬಹುದು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ ಇಂಥ 17 ಔಷಧಿಗಳನ್ನು ಫ್ಲಶ್ ಮಾಡಿ ಅಂತ ಹೇಳಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡ ಮನೆಗಳಲ್ಲಿ ಇವು ಉಳಿದಿರುತ್ತವೆ. ಪಟ್ಟಿಯಲ್ಲಿದೆಯಾ ಅಂತ ಫಾರ್ಮಸಿಸ್ಟ್ ಹತ್ತಿರ ಕೇಳಿಕೊಳ್ಳಿ.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್

ಇವನ್ನು ಬಿಸಾಡುವುದಕ್ಕಿಂತ ಬಳಸಿ ಮುಗಿಸುವುದೇ ಸರಿ. ಅಪಾಯ ಇರುವುದು ಎರಡನ್ನು ಬೆರೆಸಿದಾಗ. ಹಬ್ಬದ ಹಿಂದಿನ ದಿನ ಬಚ್ಚಲು ಉಜ್ಜುವಾಗ ಜಾಸ್ತಿ ಬೆಳ್ಳಗಾಗಲಿ ಅಂತ ಟಾಯ್ಲೆಟ್ ಕ್ಲೀನರ್ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸುವವರಿದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಚಿಕ್ಕ ಬಚ್ಚಲಲ್ಲಿ ಅದು ಎದೆ ಹಿಡಿದುಬಿಡುತ್ತದೆ. ಮೂಗು ಉರಿದರೆ, ಕೆಮ್ಮು ಬಂದರೆ ಎಲ್ಲ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಬಕೆಟ್ ತರಲು ವಾಪಸ್ ಹೋಗಬೇಡಿ. ಬ್ಲೀಚ್ ಜೊತೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಸೇರಬಾರದು.

ಆಸಿಡ್ ತೆಳು ಮಾಡಬೇಕಾದರೆ ನೀರಿಗೆ ಆಸಿಡ್ ಹಾಕಿ, ಸ್ವಲ್ಪ ಸ್ವಲ್ಪವಾಗಿ. ಆಸಿಡ್ಡಿಗೆ ನೀರು ಹಾಕಿದರೆ ಸಿಡಿಯುತ್ತದೆ. ಬಿಡಿ ಆಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲೇ ಕಡಿವಾಣ ಹಾಕಿದೆ. ಯಾರಾದರೂ ಲೇಬಲ್ ಇಲ್ಲದ ಬಾಟಲಿಯಲ್ಲಿ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ.

ಪೇಂಟ್, ಕೀಟನಾಶಕ, ಇಲಿ ಪಾಷಾಣ

ನೀರಿನ ಪೇಂಟ್ ಸ್ವಲ್ಪ ಉಳಿದಿದ್ದರೆ ಮರಳು ಅಥವಾ ಮರದ ಹೊಟ್ಟು ಕಲಸಿ, ಮುಚ್ಚಳ ತೆರೆದಿಟ್ಟು ಒಣಗಿಸಿ, ಗಟ್ಟಿಯಾದ ಮೇಲೆ ಡಬ್ಬದ ಸಮೇತ ಕೊಡಿ. ಆಯಿಲ್ ಪೇಂಟ್, ಥಿನ್ನರ್ ಮಾತ್ರ ಮುಚ್ಚಿಟ್ಟೇ ಕೊಡಬೇಕು. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ ಕೆರೆಯುವಾಗ ಒಣಗಿದ್ದನ್ನು ಉಜ್ಜಬೇಡಿ. ನೀರು ಚಿಮುಕಿಸಿ ಕೆರೆಯಿರಿ. ಪುಡಿಯನ್ನು ಗಿಡದ ಬುಡಕ್ಕೆ ಹಾಕಬೇಡಿ.

ಕೀಟನಾಶಕದ ಡಬ್ಬದ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಊರ ಕಡೆ ಖಾಲಿ ಡಬ್ಬ ಚೆನ್ನಾಗಿದೆ ಅಂತ ತೊಳೆದು ನೀರಿಗೆ, ಎಣ್ಣೆಗೆ ಬಳಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಬೇಡ. ಎಷ್ಟು ತೊಳೆದರೂ ಪ್ಲಾಸ್ಟಿಕ್ ಒಳಗೆ ವಿಷ ಕೂತಿರುತ್ತದೆ. ಖಾಲಿಯಾದಾಗ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇಯರಿಗೇ ಬಗ್ಗಿಸಿ ಹೊಲಕ್ಕೆ ಹೊಡೆಯಿರಿ. ಡಬ್ಬಕ್ಕೆ ತೂತು ಹೊಡೆದು, ಯಾರೂ ಮತ್ತೆ ಬಳಸದಂತೆ ಮಾಡಿ. ಕೆರೆ, ಬಾವಿಯ ಹತ್ತಿರ ತೊಳೆಯಬೇಡಿ.

ದವಸಕ್ಕೆ ಹುಳ ಬೀಳದಿರಲಿ ಅಂತ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯೊಳಗೆ ಇರಲೇಬಾರದು. ಗಾಳಿಯ ತೇವ ತಾಗಿದರೂ ಫಾಸ್ಫೀನ್ ಅನ್ನುವ ವಿಷದ ಅನಿಲ ಬಿಡುತ್ತದೆ. ಉಳಿದಿದ್ದರೆ ಡಬ್ಬಿ ತೆರೆಯಬೇಡಿ, ನೀರು ತಾಗಿಸಬೇಡಿ, ಮೋರಿಗೆ ಹಾಕಬೇಡಿ. ಹೊರಗೆ ಒಣ ಜಾಗದಲ್ಲಿ ಬೀಗ ಹಾಕಿಟ್ಟು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹಳದಿ ರಂಜಕದ ಇಲಿ ಪೇಸ್ಟ್‌ಗೆ ಪ್ರತಿವಿಷವೇ ಇಲ್ಲ. ಅರ್ಧ ಉಳಿದ ಟ್ಯೂಬನ್ನು ಎತ್ತಿಡುವ ಅಭ್ಯಾಸ ಬಿಡಿ. ಗ್ಲೌಸ್ ಹಾಕಿ, ಎರಡು ಕವರಿನಲ್ಲಿ ಸುತ್ತಿ, ಡಬ್ಬಕ್ಕೆ ಹಾಕಿ.

ಗಾಡಿಯ ಹಳೆಯ ಆಯಿಲನ್ನು ಕ್ಯಾನಿನಲ್ಲಿ ತುಂಬಿ ಸರ್ವಿಸ್ ಸ್ಟೇಷನ್‌ಗೆ ಕೊಡಿ. ಚಳಿಗೆ ಎಲೆ ಗುಡ್ಡೆ ಹಾಕಿ ಬೆಂಕಿ ಕಾಯುವಾಗ ಅದರಲ್ಲಿ ಸ್ಪ್ರೇ ಡಬ್ಬಿ ಇದೆಯಾ ಅಂತ ನೋಡಿ, ಬಾಂಬಿನ ಹಾಗೆ ಸಿಡಿಯುತ್ತದೆ.

ಯಾರಿಗೆ ಕೊಡುವುದು

ಬೆಂಗಳೂರಿನಲ್ಲಿ ಹೈಕೋರ್ಟ್ 2015ರಲ್ಲಿ ಕಡ್ಡಾಯ ಮಾಡಿದ ಎರಡು ಬಿನ್, ಒಂದು ಬ್ಯಾಗ್ ಪದ್ಧತಿ ಗೊತ್ತೇ ಇದೆ: ಹಸಿರಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪಿಗೆ ಪ್ಯಾಡು, ಡೈಪರ್, ಬ್ಯಾಂಡೇಜು. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ. ನಮ್ಮ ಅಪಾಯಕಾರಿ ಡಬ್ಬ ಇವುಗಳ ಜೊತೆ ಬೆರೆಯಬಾರದು. ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಬಲ್ಬು, ಸೆಲ್ಲು, ಇ-ತ್ಯಾಜ್ಯ ತೆಗೆದುಕೊಳ್ಳುತ್ತಾರಾ ಕೇಳಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಎಲ್ಲರೂ ಸೇರಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರನ್ನು ಮೂರು ತಿಂಗಳಿಗೊಮ್ಮೆ ಕರೆಸಿ. ಒಂದು ಮನೆಯ ನಾಲ್ಕು ಸೆಲ್ಲಿಗೆ ಬರದವರು ನೂರು ಮನೆಯ ಕಸಕ್ಕೆ ಬರುತ್ತಾರೆ.

ಚಿಕ್ಕ ಊರುಗಳಲ್ಲಿ ಇಂಥ ಕೇಂದ್ರ ಹತ್ತಿರ ಇರದೇ ಇರಬಹುದು. ಸುಡುವುದು, ಹೂಳುವುದು ಬೇಡ. ಒಣಗಿದ, ಬಿಗಿಯಾದ ಡಬ್ಬದಲ್ಲಿ ವರ್ಷವಿಟ್ಟರೂ ಸೆಲ್ಲು, ಬಲ್ಬು ಏನೂ ಆಗುವುದಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗುವ ದಿನ ತೆಗೆದುಕೊಂಡು ಹೋಗಿ. ಸೂಜಿಯ ಬಾಟಲಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಹಾಗೇ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದು, ವರ್ಷಕ್ಕೆ ಎರಡು ಸಲವಾದರೂ ಸಂಗ್ರಹದ ದಿನ ಮಾಡಿ ಅಂತ ಕೇಳಿ.

ಕೊಡುವಾಗ ಬಾಗಿಲಲ್ಲಿ ಇಟ್ಟು ಒಳಗೆ ಹೋಗಬೇಡಿ. ಎದುರು ನಿಂತು, ಇದರಲ್ಲಿ ಏನಿದೆ ಅಂತ ಹೇಳಿ ಕೈಗೆ ಕೊಡಿ. ನಾನು ಈಗ ಹಾಗೇ ಮಾಡುತ್ತೇನೆ. ಆ ಅಕ್ಕ ಡಬ್ಬ ಅಲ್ಲಾಡಿಸಿ, "ಇವತ್ತೇನಿದೆ?" ಅಂತ ಕೇಳುತ್ತಾರೆ. "ಎರಡು ಬಲ್ಬು, ಆರು ಸೆಲ್ಲು, ಸೂಜಿ ಇಲ್ಲ" ಅನ್ನುತ್ತೇನೆ. ಬೇರೆಯಾಗಿ ಆಟೋದ ಮುಂದಿನ ಮೂಲೆಯಲ್ಲಿ ಇಟ್ಟುಕೊಳ್ಳುತ್ತಾರೆ. ಖಾಲಿ ಡಬ್ಬ ಮರುದಿನ ಬೆಳಿಗ್ಗೆ ವಾಪಸ್ ಬರುತ್ತದೆ. ಅದರ ಮೇಲಿನ ಹಳೆಯ ತಾರೀಕು ಅಳಿಸಿ ಹೊಸದು ಬರೆದಿಡುತ್ತೇನೆ.